ಗೆರೆಯಕ್ಕನ ಕೊಸರು ಸಾಲು

ಆಕೆಗೆ ಗೆರೆಯಕ್ಕ ಎಂದು ಹೆಸರಿಟ್ಟವರು ಯಾರೆಂದು ಊರಿನಲ್ಲಿ ಯಾರನ್ನೇ ಕೇಳಿ, ‘ನಾನೇ’ ಎನ್ನುತ್ತಾರೆ. ಹೆಸರು ಬಂದ ಕಾರಣದ ಬಗ್ಗೆ ಮಾತ್ರ ಜಗಳವಿಲ್ಲ. ಆಕೆ ಟ್ರ್ಯಾಕ್ಟರ್ ಹತ್ತಿ ಹೊಲ ಉತ್ತರೆ ಸಾಲು ಈ ತುದಿಯಿಂದ ಆ ತುದಿಗೆ ದಾರ ಹಿಡಿದು ಎಳೆದ ಹಾಗಿರುತ್ತದೆ. ಹೊಲದಾಚೆಯ ಒಂದು ಕಂಬವನ್ನೋ ಮರವನ್ನೋ ಗುರಿ ಹಿಡಿದು ಹೊರಟಳೆಂದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಕತ್ತು ಹೊರಳಿಸುವವಳಲ್ಲ. ಬೇರೆಯವರು ಉತ್ತ ಹೊಲದ ಪಕ್ಕ ಹಾದುಹೋಗುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಾಳೆ. ಏಕೆಂದು ಕೇಳಿದರೆ, “ಹಾವು ಹರಿದಾಡಿದ ಹಾಗಿದೆ, ನೋಡಿದ್ರೆ ತಲೆ ಸುತ್ತುತ್ತೆ” ಎಂದು ಹೊಲದ ಮಾಲೀಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾಳೆ.

ಗಟ್ಟಿಯಾಗಿ ಮಾತಾಡುವುದು ಆಕೆಯ ತಪ್ಪಲ್ಲ. ಮೂವತ್ತೊಂದು ವರ್ಷ ಇಂಜಿನ್ನಿನ ಸದ್ದಿನಲ್ಲಿ ಕೂತು ಎಡಗಿವಿ ಅರ್ಧ ಕೈಕೊಟ್ಟಿದೆ. ಹೊಸಬರು ಆಕೆ ಬಯ್ಯುತ್ತಿದ್ದಾಳೆಂದು ತಿಳಿಯುತ್ತಾರೆ. ಹಳಬರಿಗೆ ಗೊತ್ತು, ನಿಜವಾಗಿಯೂ ಬಯ್ಯುತ್ತಿರುತ್ತಾಳೆ. ಐವತ್ತೇಳರ ವಯಸ್ಸು, ಗಿಡ್ಡ ಮೈಕಟ್ಟು. ಸೀಟಿನ ಮೇಲೆ ಹಿಟ್ಟಿನ ಚೀಲ ಮಡಿಚಿ ಹೊಲಿದ ದಿಂಬಿಟ್ಟುಕೊಳ್ಳದಿದ್ದರೆ ಮುಂದಿನ ದಾರಿ ಕಾಣದು. ಆ ದಿಂಬನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ಉಳುಮೆ ಕಲಿಸಿದ್ದು ಅಪ್ಪ. ಕಲಿಸಿದ ಎನ್ನುವುದಕ್ಕಿಂತ ಸತಾಯಿಸಿದ ಎಂದರೆ ಸರಿ. ಒಂದು ವರ್ಷ ಪೂರ್ತಿ ನೇಗಿಲಿನ ಹಿಂದೆ ನಡೆಸಿದ ಮೇಲೆಯೇ ಸ್ಟೇರಿಂಗ್ ಮುಟ್ಟಲು ಬಿಟ್ಟದ್ದು. ಮಧ್ಯಾಹ್ನ ಇಬ್ಬರೂ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಆಗೆಲ್ಲ ಎರಡು ಹೊಲಗಳ ನಡುವಿನ ಬದು ಎಂಟು ಹೆಜ್ಜೆ ಅಗಲವಿತ್ತು. ಮುಳ್ಳುಪೊದೆ, ಎದೆಮಟ್ಟದ ಹುಲ್ಲು, ಹೆಸರಿಲ್ಲದ ಹಳದಿ ನೀಲಿ ಹೂ, ಪೊದೆಯೊಳಗೆ ಹಕ್ಕಿಗೂಡು. ನೆಲದಲ್ಲಿ ಅಲ್ಲಲ್ಲಿ ಪೆನ್ಸಿಲ್ ತೂರುವಷ್ಟು ಸಣ್ಣ ತೂತುಗಳು, ತೂತಿನ ಸುತ್ತ ಪುಡಿಮಣ್ಣು. ಅವಳು ಅದರ ಮೇಲೆ ಕೂರಲು ಹೋದರೆ ಅಪ್ಪ ಗದರುತ್ತಿದ್ದ. “ಆ ತೂತಿನ ಮೇಲೆ ಕೂರಬೇಡ್ವೇ, ಮನೆಯವರು ಬಯ್ತಾರೆ.” ಯಾವ ಮನೆಯವರೆಂದು ಅವಳು ಯಾವತ್ತೂ ಕೇಳಲಿಲ್ಲ. ಹೊಟ್ಟೆ ಹಸಿದಿರುತ್ತಿತ್ತು.

ಮದುವೆ ಕುದುರಿದ್ದೂ ಅಂಥದೇ ಒಂದು ಬದುವಿನ ಮೇಲೆ. ನೋಡಲು ಬಂದ ಹುಡುಗ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಬಂದಾಗ ಅವಳು ಟ್ರ್ಯಾಕ್ಟರ್ ಮೇಲಿದ್ದಳು, ಹೊಲ ಮುಗಿಯದೆ ಇಳಿಯುವುದಿಲ್ಲ ಎಂದಳು. ಅವನು ಎರಡು ಗಂಟೆ ಬದುವಿನ ಮೇಲೆ ಕೂತು ಪೊದೆಯ ಕಪ್ಪುಹಣ್ಣು ತಿಂದ. ಅವಳು ಇಳಿದು ಬಂದು ನೋಡಿದರೆ ಹುಡುಗನ ಹಲ್ಲು, ತುಟಿ, ಅಂಗಿ ಎಲ್ಲ ನೇರಳೆ. ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಬೇಡವೆನ್ನುವುದು ಹೇಗೆ?

ಇಲ್ಲಿ ಕೊಸರಿನ ವಿಷಯ ಹೇಳಬೇಕು. ಅಂಗಡಿಯವರು ಅಳತೆ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಅದು. ಗಂಡ ಮುಂದೆ ಸ್ವಂತ ಬೇಕರಿ ತೆರೆದಾಗ ಒಂದು ಡಜನ್ ಬನ್ನು ಕೊಂಡವರಿಗೆ ಒಂದು ಮರಿಬನ್ನು ಕೊಸರು ಕೊಡತೊಡಗಿದ. ಮರಿಬನ್ನಿಗಾಗಿಯೇ ಜನ ಮುಗಿಬಿದ್ದರು. ಗೆರೆಯಕ್ಕನಿಗೆ ತಾನೂ ಏನಾದರೂ ಕೊಡಬೇಕೆನ್ನಿಸಿತು. ಉಳುವವಳ ಹತ್ತಿರ ಕೊಡಲು ಏನಿರುತ್ತದೆ? ಆ ವರ್ಷದಿಂದ ಯಾರ ಹೊಲ ಉತ್ತರೂ, ಕೆಲಸ ಮುಗಿದ ಮೇಲೆ ಬದುವಿನ ಕಡೆಗೆ ಒಂದು ಸಾಲು ಜಾಸ್ತಿ ಎಳೆದುಕೊಟ್ಟಳು. “ತಗೊಳ್ಳಿ, ಕೊಸರು!” ಎಂದು ಟ್ರ್ಯಾಕ್ಟರ್ ಮೇಲಿಂದಲೇ ಕೂಗುತ್ತಿದ್ದಳು. ಒಂದು ಗೇಣು ನೆಲ ಪುಕ್ಕಟೆ ಬಂದರೆ ಯಾರ ಮುಖ ಅರಳುವುದಿಲ್ಲ? ಕ್ರಮೇಣ ಜನ ಬದುವಿನ ಮೇಲೆ ನಿಂತು ಕಾಯತೊಡಗಿದರು. “ನಮ್ಮ ಕೊಸರು ಎಲ್ಲಿ ಗೆರೆಯಕ್ಕ?”

ಬದುವಿಗೆ ಎರಡು ಮಗ್ಗುಲು. ಈ ಹೊಲದವನಿಗೆ ಈ ಕಡೆಯಿಂದ ಒಂದು ಗೇಣು, ಆ ಹೊಲದವನಿಗೆ ಆ ಕಡೆಯಿಂದ ಒಂದು ಗೇಣು. ಹದಿನೈದು ವರ್ಷ ಹೀಗೆ ನಡೆಯಿತು. ಎಂಟು ಹೆಜ್ಜೆಯ ಬದು ಏನಾಯಿತೆಂದು ಯಾರೂ ಕೇಳಲಿಲ್ಲ, ಏಕೆಂದರೆ ಅದು ಒಂದೇ ದಿನದಲ್ಲಿ ಹೋಗಲಿಲ್ಲ, ವರ್ಷಕ್ಕೊಂದು ಗೇಣಿನಂತೆ ಹೋಯಿತು. ಈಗ ಎರಡು ಹೊಲಗಳ ನಡುವೆ ಇಬ್ಬರು ಎದುರುಬದುರಾದರೆ ಒಬ್ಬ ಪೈರಿನೊಳಗೆ ಇಳಿಯಬೇಕು, ಅಷ್ಟು ಉಳಿದಿತ್ತು.

ಊರಿನ ಸುತ್ತ ಉಳದೆ ಉಳಿದ ಜಾಗವೆಂದರೆ ಪೊದೆದಿಬ್ಬ ಒಂದೇ. ಅದರ ಬುಡದಿಂದ ಕಾಲುವೆ ರಸ್ತೆಯವರೆಗೆ ಗೆರೆಯಕ್ಕನ ತಮ್ಮನ ಹೊಲ. ತಮ್ಮ ಒಂದು ಭಾಗದಲ್ಲಿ ಗೋಧಿ ಬೆಳೆಯುತ್ತಿದ್ದ. ಉಳಿದದ್ದರಲ್ಲಿ ಅವನ ಹೆಂಡತಿಯ ಸಿಹಿಗುಂಬಳ, ದಿಬ್ಬಕ್ಕೆ ಅಡ್ಡಡ್ಡವಾಗಿ ಮೂವತ್ತಾರು ಸಾಲು. ಕುಂಬಳದ ಮಟ್ಟಿಗೆ ನಾದಿನಿಯದೇ ರಾಜ್ಯಭಾರ, ಅಲ್ಲಿ ತಮ್ಮ ಬಾಯಿ ತೆರೆಯುವ ಹಾಗಿರಲಿಲ್ಲ. ಆದರೆ ಮೂರು ವರ್ಷದಿಂದ ಬಳ್ಳಿ ಹಬ್ಬುತ್ತಿತ್ತು, ಹೂ ಬಿಡುತ್ತಿತ್ತು, ಕಾಯಿ ಮಾತ್ರ ಸರಿಯಾಗಿ ಕಚ್ಚುತ್ತಿರಲಿಲ್ಲ. ಹೀಚು ಹಳದಿಯಾಗಿ ಉದುರಿಬಿಡುತ್ತಿತ್ತು. ನಾದಿನಿ ಬಣ್ಣ ಬಳಿಯುವ ಸಣ್ಣ ಕುಂಚ ಹಿಡಿದು, ಸೂರ್ಯ ಹುಟ್ಟುವ ಹೊತ್ತಿಗೆ ಹೊಲಕ್ಕಿಳಿದು, ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಸವರುತ್ತ ಸಾಲು ಸಾಲು ಬಗ್ಗಿ ನಡೆಯುತ್ತಿದ್ದಳು. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ.

“ದಿನಾ ಬೆಳಿಗ್ಗೆ ಇನ್ನೂರು ಮದುವೆ ಮಾಡಿಸ್ತೀನಿ ಅತ್ತಿಗೆ,” ಎಂದು ಅವಳು ಗಂಡನ ಅಕ್ಕನ ಹತ್ತಿರ ಹೇಳಿಕೊಳ್ಳುತ್ತಿದ್ದಳು. “ಒಂದರಲ್ಲೂ ಊಟ ಹಾಕಲ್ಲ.”

ಗೋಧಿಯ ಕಥೆಯೂ ಅಷ್ಟಕ್ಕಷ್ಟೆ. ಊರಿನ ರೈತರ ಸಂಘ ಸುತ್ತಲಿನ ಮೂರು ಪಟ್ಟಣಗಳ ಗಿರಣಿಗೆ ಗೋಧಿ ಕಳಿಸುತ್ತಿತ್ತು. ಪಟ್ಟಣಗಳು ಬೆಳೆಯುತ್ತಿದ್ದವು, ಚೀಲಗಳು ಬೆಳೆಯುತ್ತಿರಲಿಲ್ಲ. ಸಂಘದ ಅಧ್ಯಕ್ಷ ಗೆರೆಯಕ್ಕನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಒಣಗಿದ ಕಡ್ಡಿಯಂಥ ಆಸಾಮಿ, ಕೆಟ್ಟವನಲ್ಲ. ಯಾರದೋ ಮನೆಯ ಒಲೆ ಉರಿಯದಿದ್ದರೆ ತನ್ನದೇ ತಪ್ಪೆಂಬಂತೆ ತಲೆ ಕೆಡಿಸಿಕೊಳ್ಳುವವನು. ಅವನು ಒಂದು ದಿನ ಆಕೆಯ ಶೆಡ್ಡಿಗೆ ಬಂದ.

“ತಿನ್ನೋ ಬಾಯಿ ಜಾಸ್ತಿ ಆಗ್ತಾನೇ ಇದೆ, ನೆಲ ಹಿಗ್ಗಲ್ಲ. ಪೊದೆದಿಬ್ಬ ಸುಮ್ಮನೆ ಬಿದ್ದಿದೆ. ಈ ಸಲ ಕೊಯ್ಲು ಮುಗಿದ ಮೇಲೆ ಅದನ್ನ ಉತ್ತುಬಿಡೋಣ ಅಂತ ಸಂಘದಲ್ಲಿ ಮಾತಾಗಿದೆ. ನೀನೇ ಉಳಬೇಕು.”

“ಆಗಲಿ ಬಿಡೋ. ನೇಗಿಲಿಗೆ ಹೊಸ ಕುಳ ಹಾಕಿಸ್ಕೋತೀನಿ,” ಎಂದಳು ಗೆರೆಯಕ್ಕ.

ಸುಳ್ಳೇಕೆ ಹೇಳಲಿ, ಆಕೆಗೆ ಬಾಯಲ್ಲಿ ನೀರೂರಿತ್ತು. ಯಾರ ನೇಗಿಲೂ ಮುಟ್ಟದ ನೆಲದಲ್ಲಿ ಮೊದಲ ಗೆರೆ ತನ್ನದು ಎಂದರೆ ಸುಮ್ಮನೆಯೇ? ಆ ವಾರವೆಲ್ಲ ಶೆಡ್ಡಿನಲ್ಲಿ ನಟ್ಟು ಬೋಲ್ಟು ಬಿಗಿಮಾಡುತ್ತ ತನ್ನಷ್ಟಕ್ಕೆ ಹಾಡಿಕೊಂಡಳು. ಗಂಡ ಎರಡು ಸಲ ಬಂದು ಎಲ್ಲ ಸರಿಯಾಗಿದೆಯಾ ಎಂದು ವಿಚಾರಿಸಿ ಹೋದ.

ಅದೇ ಸಮಯಕ್ಕೆ ನಾದಿನಿಯ ಮಣಿಕಟ್ಟು ಊದಿಕೊಂಡಿತು. ಕುಂಚ ಹಿಡಿದು ಹಿಡಿದು ಬೆರಳು ಮಡಿಚಲು ಬಾರದಂತಾಯಿತು. ಡಾಕ್ಟರು ಪಟ್ಟಿ ಸುತ್ತಿ, ಹದಿನೈದು ದಿನ ಕೈ ಆಡಿಸಬಾರದು ಎಂದರು. ತಮ್ಮನ ಕೈಗೆ ಕುಂಚ ಕೊಟ್ಟರೆ ಹೂವೇ ಕಿತ್ತುಬರುತ್ತಿತ್ತು. ಕೊನೆಗೆ ಗೆರೆಯಕ್ಕನೇ ಹೋದಳು.

ಕಾಲುವೆ ರಸ್ತೆಯ ಕಡೆಯಿಂದ ಶುರುಮಾಡಿದಳು. ನಾದಿನಿ ಪಟ್ಟಿ ಸುತ್ತಿದ ಕೈಯನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಬಂದು, ಇದು ಗಂಡು, ಇದು ಹೆಣ್ಣು ಎಂದು ತೋರಿಸಿದಳು. ಹತ್ತು ಸಾಲು ಮುಗಿಯುವಷ್ಟರಲ್ಲಿ ಗೆರೆಯಕ್ಕನ ಸೊಂಟ ತನ್ನದೆನಿಸಲಿಲ್ಲ. ಇಪ್ಪತ್ತು ಸಾಲು ದಾಟಿ ದಿಬ್ಬದ ಹತ್ತಿರ ಬಂದಾಗ ಎಲೆ ಸರಿಸಿದಳು, ಒಂದು ಕುಂಬಳ. ಇನ್ನೊಂದು ಎಲೆ ಸರಿಸಿದಳು, ಎರಡು. ದಿಬ್ಬಕ್ಕೆ ಅಂಟಿದ ಸಾಲಿನಲ್ಲಂತೂ ಕಾಲಿಡಲು ಜಾಗವಿಲ್ಲದಷ್ಟು ಕಾಯಿ.

“ಇಲ್ಲಿ ಆಗಲೇ ಕುಂಚ ಆಡಿಸಿದೀಯೇನೇ?”

“ಈ ಕಡೆ ನಾನು ಬರೋದೇ ಇಲ್ಲ ಅತ್ತಿಗೆ. ಇಲ್ಲಿ ಹೇಗೋ ತಾನಾಗೇ ಕಚ್ಚುತ್ತೆ. ಮಣ್ಣು ಚೆನ್ನಾಗಿರಬೇಕು.”

ಮಣ್ಣಿನ ವಿಷಯ ಗೆರೆಯಕ್ಕನಿಗೆ ಹೇಳುವುದೇ? ದಿಬ್ಬದ ಬುಡದ ಮಣ್ಣು ಬರೀ ಗರಸು ಎಂದು ಅವಳ ನೇಗಿಲಿಗೆ ಗೊತ್ತಿತ್ತು. ಸಾಲೆಂದರೆ ಸುಮ್ಮನಿರುವ ಜೀವವಲ್ಲ ಅದು. ಎಣಿಸುತ್ತ ಹೊರಟಳು. ದಿಬ್ಬದ ಪಕ್ಕದ ಸಾಲಿನಲ್ಲಿ ನಲವತ್ತಮೂರು ಕಾಯಿ. ಐದನೆಯದರಲ್ಲಿ ಮೂವತ್ತು. ಹತ್ತನೆಯದರಲ್ಲಿ ಹನ್ನೆರಡು. ಹದಿನಾಲ್ಕರಲ್ಲಿ ಒಂದೇ ಒಂದು, ಅದೂ ಸೊಟ್ಟ. ಅಲ್ಲಿಂದಾಚೆಗೆ ನಾದಿನಿಯ ಕುಂಚದಿಂದಾದದ್ದು ಬಿಟ್ಟರೆ ಸೊನ್ನೆ.

ಗೆರೆಯಕ್ಕ ಹದಿನಾಲ್ಕನೇ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹೂವನ್ನೇ ನೋಡಿದಳು. ಬಹಳ ಹೊತ್ತಿನ ಮೇಲೆ ಧೂಳು ಮೆತ್ತಿದಂಥ ಒಂದು ಪುಟ್ಟ ಜೇನ್ನೊಣ ಬಂತು. ಹೂವಿನೊಳಗೆ ಹೊರಳಾಡಿ, ಮೈಯೆಲ್ಲ ಹಳದಿ ಮಾಡಿಕೊಂಡು, ದಿಬ್ಬದ ಕಡೆ ಹಾರಿತು. ಗುರಿ ಹಿಡಿಯುವುದು ಆಕೆಗೆ ಅಭ್ಯಾಸ, ಕಣ್ಣು ಕೀಳದೆ ಅದರ ಹಿಂದೆಯೇ ನಡೆದಳು. ನೊಣ ದಿಬ್ಬದ ಇಳಿಜಾರಿನ ಬೋಳು ನೆಲದ ಮೇಲೆ ಇಳಿದು ಒಂದು ತೂತಿನೊಳಗೆ ಹೊಕ್ಕಿತು. ಪೆನ್ಸಿಲ್ ತೂರುವಷ್ಟು ಸಣ್ಣ ತೂತು, ಸುತ್ತ ಪುಡಿಮಣ್ಣು. ಅಂಥವು ಅಲ್ಲಿ ಹತ್ತಾರಿದ್ದವು.

ಅಪ್ಪ ಹೇಳುತ್ತಿದ್ದ ಮನೆಯವರು ಯಾರೆಂದು ಆಗ ಗೊತ್ತಾಯಿತು.

ಆ ಮಧ್ಯಾಹ್ನ ಬೇಕರಿಯ ಹಿಂದಿನ ಕೋಣೆಯಲ್ಲಿ ಗಂಡ ಹಿಟ್ಟು ನಾದುತ್ತಿದ್ದ. ಗೆರೆಯಕ್ಕ ಸ್ಟೂಲಿನ ಮೇಲೆ ಕೂತು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮಾತಿಲ್ಲದ ಗೆರೆಯಕ್ಕನನ್ನು ನೋಡಿ ಅವನಿಗೆ ಗಾಬರಿಯಾಯಿತು.

“ಟ್ರ್ಯಾಕ್ಟರ್ ಕೆಟ್ಟಿತೇನೇ?”

“ಇಲ್ಲ ಕಣ್ರೀ,” ಎಂದಳು. “ನೀವು ನನ್ನ ನೋಡೋಕೆ ಬಂದಾಗ ಕೂತಿದ್ರಲ್ಲ, ಆ ಜಾಗ ಎಲ್ಲಿದೆ ಈಗ?”

ಅವನು ಕೈ ನಿಲ್ಲಿಸಿ ಯೋಚಿಸಿದ. “ಕಾಲುವೆ ಹತ್ರದ ಬದು. ಆ ಹಣ್ಣಿನ ಪೊದೆ...” ಮತ್ತೆ ಯೋಚಿಸಿದ. “ಅದು ಈಗಿಲ್ಲ ಅಲ್ವಾ? ಯಾರು ಕಡಿದ್ರು?”

“ನಾನೇ. ಒಂದೊಂದೇ ಸಾಲು ಕೊಸರು ಕೊಟ್ಟು ಕೊಟ್ಟು.”

ಗಂಡ ಹಿಟ್ಟಿನ ಮುದ್ದೆಯನ್ನು ತಿರುವಿ ಹಾಕಿದ. ನೋಯಿಸುವ ಉದ್ದೇಶ ಅವನಿಗಿರಲಿಲ್ಲ, ಒಬ್ಬ ಕಸುಬುದಾರ ಇನ್ನೊಬ್ಬರಿಗೆ ಹೇಳುವ ಹಾಗೆ ಹೇಳಿದ. “ಕೊಸರು ನಾನೂ ಕೊಡ್ತೀನಿ. ಅದು ನನ್ನ ಹಿಟ್ಟಲ್ಲಿ ಹೋಗುತ್ತೆ. ನೀನು ಯಾರ ಚೀಲದಿಂದ ತೆಗೆದು ಕೊಡ್ತಿದ್ದೆ?”

ಗೆರೆಯಕ್ಕನಿಗೆ ನಾಚಿಕೆಯಾಯಿತು. ಜೀವನದಲ್ಲಿ ಮೊದಲ ಸಲ ತನ್ನ ಕೆಲಸದ ಬಗ್ಗೆ ನಾಚಿಕೆಯಾಯಿತು. ಊರಿಡೀ ಧಾರಾಳಿ ಎಂದು ಹೆಸರು ಮಾಡಿದ್ದೆಲ್ಲ ಇನ್ನೊಬ್ಬರ ಮನೆಯ ಗೋಡೆ ಕೆಡವಿ ಹಂಚಿದ ಇಟ್ಟಿಗೆ. ಇನ್ನು ಉಳಿದಿದ್ದ ಒಂದೇ ಮನೆಯನ್ನು ಕೆಡವಲು ಹೊಸ ಕುಳ ಬೇರೆ ಹಾಕಿಸಿ ಇಟ್ಟುಕೊಂಡಿದ್ದಳು.

ಆ ಭಾನುವಾರ ಸಂಜೆ ಸಂಘದ ಸಭೆ. ಉದ್ದನೆಯ ಕೋಣೆ, ಗೋಡೆಗೆ ಒರಗಿಸಿದ ಗೋಧಿ ಚೀಲ, ಕಾಲು ಅಲ್ಲಾಡುವ ಕುರ್ಚಿ. ಗೆರೆಯಕ್ಕ ಎದ್ದು ನಿಂತಳು.

“ಅಧ್ಯಕ್ಷರೇ, ಪೊದೆದಿಬ್ಬ ನಾನು ಉಳಲ್ಲ. ಇನ್ನೊಂದು ಮಾತು. ನಾನು ನಿಮಗೆಲ್ಲ ಕೊಟ್ಟ ಕೊಸರು ವಾಪಸ್ ಬೇಕು.”

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕೊಸರು ವಾಪಸ್ ಕೇಳಿದವರನ್ನು ಯಾರು ಕಂಡಿದ್ದಾರೆ? “ತಿಂದ ಮರಿಬನ್ನೂ ಕಕ್ಕಬೇಕಾ?” ಎಂದು ತಮ್ಮನ ಪಕ್ಕದ ಹೊಲದವನು ಕೂಗಿದ. ಆಕೆ ನಗು ನಿಲ್ಲುವವರೆಗೂ ನಿಂತೇ ಇದ್ದಳು. ಆಮೇಲೆ ದಿಬ್ಬದ ತೂತಿನ ಜೇನ್ನೊಣದ ವಿಷಯ, ಕುಂಬಳ ಎಣಿಸಿದ್ದು, ಎಲ್ಲ ಹೇಳಿದಳು. ನಲವತ್ತಮೂರು, ಮೂವತ್ತು, ಹನ್ನೆರಡು, ಒಂದು, ಸೊನ್ನೆ.

ಅಧ್ಯಕ್ಷ ನಗಲಿಲ್ಲ. “ಕುಂಬಳಕ್ಕೆ ನೊಣ ಬೇಕು, ಒಪ್ಪಿದೆ. ಗೋಧಿಗೆ ಬೇಡವಲ್ಲ? ಬದು ಬಿಟ್ಟರೆ ಅಷ್ಟು ಗೋಧಿ ಕಡಿಮೆ. ಪಟ್ಟಣದಲ್ಲಿ ರೊಟ್ಟಿಗೆ ಕಾಯೋರಿಗೆ ನಾನು ಹೂವು ಕಳಿಸಲಾ?”

ಅದು ನ್ಯಾಯವಾದ ಪ್ರಶ್ನೆ. ಬೇಕರಿಯವನ ಹೆಂಡತಿಗೆ ಅದು ಗೊತ್ತಾಗದೆ ಇರುತ್ತದೆಯೇ?

“ಕೊಯ್ಲು ಯಂತ್ರ ಓಡಿಸೋಳೂ ನಾನೇ,” ಎಂದಳು. “ಹೊಲದ ನಡುವೆ ಓಡುವಾಗ ಯಂತ್ರ ಗುರ್ ಅನ್ನುತ್ತೆ. ಅಂಚಿಗೆ ಬಂದ ಕೂಡಲೇ ಸದ್ದು ತೆಳ್ಳಗಾಗುತ್ತೆ. ಬರೀ ಹುಲ್ಲು ನುಂಗಿದ ಸದ್ದು. ಈ ಅರ್ಧ ಕಿವಿಗೂ ಅದು ಕೇಳಿಸುತ್ತೆ. ನಾನು ಟ್ರ್ಯಾಕ್ಟರ್ ತಿರುಗಿಸಿ ತಿರುಗಿಸಿ ಅಂಚಿನ ಮಣ್ಣು ಗಟ್ಟಿ ರಸ್ತೆ ಆಗಿದೆ, ಅಲ್ಲಿ ಬೇರು ಇಳಿಯಲ್ಲ. ಕೊಸರು ಸಾಲಲ್ಲಿ ನೀವು ಬಿತ್ತಿದ್ದು ಬೀಜ, ಕೊಯ್ದಿದ್ದು ಹುಲ್ಲು. ಇನ್ನು ನಡುವಿನ ಹೊಲ. ಇಷ್ಟು ದಿನ ಮನಸ್ಸಿಗೆ ಬಂದ ಕಡೆಯೆಲ್ಲ ಚಕ್ರ ಹರಿಸಿದೆ. ಈ ವರ್ಷದಿಂದ ಪ್ರತಿ ಸಲ ಅದೇ ಎರಡು ಚಕ್ರದ ಜಾಡಲ್ಲೇ ಓಡಿಸ್ತೀನಿ, ಒಂದು ಬೆರಳು ಆಚೆ ಹೋಗಲ್ಲ. ಉಳಿದ ಮಣ್ಣು ಮೆತ್ತಗಿರುತ್ತೆ. ಅಂಚಿಂದು ನಡುವಲ್ಲಿ ಸಿಗುತ್ತೆ. ಇಷ್ಟು ನೆಟ್ಟಗೆ ಓಡಿಸೋರು ಬೇರೆ ಯಾರಿದ್ದಾರೆ, ಹೇಳಿ ನೋಡೋಣ?”

ಅಧ್ಯಕ್ಷ ಕೆನ್ನೆ ಕೆರೆದುಕೊಂಡ. ಕೊನೆಗೆ ಒಂದು ವರ್ಷದ ಗಡುವು ಕೊಟ್ಟ. ತಮ್ಮನ ಹೊಲದ ಎರಡೂ ಮಗ್ಗುಲಿನಲ್ಲಿ, ದಿಬ್ಬದಿಂದ ಕಾಲುವೆ ರಸ್ತೆಯವರೆಗೆ, ಎಂಟೆಂಟು ಹೆಜ್ಜೆ ಉಳದೆ ಬಿಡುವುದು. ಕಾಲುವೆ ಕಡೆಯ ಹತ್ತು ಸಾಲು ಕುಂಬಳಕ್ಕೆ ಕುಂಚ ಮುಟ್ಟಿಸಬಾರದು. ಅಲ್ಲಿ ತಾನಾಗಿ ಕಾಯಿ ಕಚ್ಚಿದರೆ ದಿಬ್ಬ ಉಳಿಯಿತು, ಬದು ಬಿಡುವ ಮಾತನ್ನು ಉಳಿದವರ ಮುಂದೆಯೂ ಇಡಬಹುದು. ಕಚ್ಚದಿದ್ದರೆ ಗೆರೆಯಕ್ಕ ತಾನೇ ದಿಬ್ಬ ಉತ್ತುಕೊಡಬೇಕು, ಬಾಯಿ ಮುಚ್ಚಿಕೊಂಡು. ಉಳುವುದಕ್ಕಿಂತ ಬಾಯಿ ಮುಚ್ಚುವುದೇ ಕಷ್ಟ ಎಂದು ಯಾರೋ ಗೊಣಗಿದರು.

ಹೊರಗೆ ಬಂದ ಮೇಲೆ ತಮ್ಮ ಹರಿಹಾಯ್ದ. “ನನ್ನ ಹೊಲಾನೇ ಸಿಕ್ಕಿತಾ ಅಕ್ಕ ನಿನಗೆ ಪಣಕ್ಕಿಡೋಕೆ? ಪಕ್ಕದವನ ಕಡೆಯ ಅರ್ಧ ಬದುವಿಗೆ ಅವನ ಕಾಲು ಬೇರೆ ಹಿಡೀಬೇಕು.”

“ಸುಮ್ನಿರಿ,” ಎಂದಳು ನಾದಿನಿ, ಪಟ್ಟಿ ಸುತ್ತಿದ ಕೈ ಎತ್ತಿ ತೋರಿಸಿ. “ಮೂರು ವರ್ಷದಿಂದ ಪಣಕ್ಕಿದ್ದಿದ್ದು ಈ ಕೈ.” ಪಕ್ಕದವನನ್ನು ಒಪ್ಪಿಸಲು ಒಂದು ತಿಂಗಳ ಮರಿಬನ್ನು ಖರ್ಚಾಯಿತು. ಅದನ್ನು ಬೇಕರಿಯವನೇ ಭರಿಸಿದ.

ಮಾತು ಕೊಟ್ಟಷ್ಟು ಸುಲಭವಲ್ಲ ಕೈಗೆ ಕಲಿಸುವುದು. ಬದು ಬಿಟ್ಟು ಉಳುವ ಮೊದಲ ದಿನವೇ ಎಡವಟ್ಟಾಯಿತು. ಹೊಲ ಮುಗಿಯಿತು, ಗೆರೆಯಕ್ಕನ ಕೈ ತಾನಾಗಿ ಸ್ಟೇರಿಂಗ್ ಹೊರಳಿಸಿತು, ನೇಗಿಲು ಇಳಿಯಿತು, ಬಿಡಬೇಕಾದ ಪಟ್ಟಿಯಲ್ಲಿ ಕೊಸರು ಸಾಲು ಒಂದು ಫರ್ಲಾಂಗು ಹರಿದೇಬಿಟ್ಟಿತು. ನಾಲಿಗೆ ಕಚ್ಚಿಕೊಂಡು ಕೆಳಗಿಳಿದಳು. ಮಂಡಿಯೂರಿ, ಹೊರಳಿದ ಹೆಂಟೆಗಳನ್ನೆಲ್ಲ ಕೈಯಿಂದ ಮತ್ತೆ ಒಳಗೆ ಕೂರಿಸತೊಡಗಿದಳು. ದಾರಿಹೋಕರು ನಿಂತು ನೋಡಿದರು. ಗೆರೆಯಕ್ಕ ನೆಲಕ್ಕೆ ಹೊಲಿಗೆ ಹಾಕುತ್ತಿದ್ದಾಳೆಂಬ ಸುದ್ದಿ ಆಕೆ ಮನೆ ಸೇರುವ ಮೊದಲೇ ಬೇಕರಿ ಸೇರಿತ್ತು.

ಬಿಟ್ಟ ಪಟ್ಟಿಯಲ್ಲಿ ಮೊದಲು ಬಂದದ್ದು ಹೂವಲ್ಲ, ಬಟ್ಟೆಗೆ ಮೆತ್ತಿಕೊಳ್ಳುವ ಕಳೆ. ಪಕ್ಕದ ಹೊಲದವನು ದಿನಾ ಪ್ಯಾಂಟಿನಿಂದ ಮುಳ್ಳು ಕೀಳುತ್ತ ಮೂಗು ಮುರಿಯುತ್ತಿದ್ದ. ಗೆರೆಯಕ್ಕನೂ ಒಳಗೊಳಗೇ ಒದ್ದಾಡಿದಳು. ಓರೆಕೋರೆ ಅಂಚಿನ ಹೊಲ ನೋಡುವುದೆಂದರೆ ಆಕೆಗೆ ತಲೆ ಬಾಚದೆ ಮದುವೆಮನೆಗೆ ಹೋದ ಹಾಗೆ. ಚಳಿ ಕಳೆದ ಮೇಲೆ ಕಳೆಯ ನಡುವೆ ಒಂದು ಹಳದಿ ಹೂ ಇಣುಕಿತು, ಆಮೇಲೆ ನೀಲಿ. ಗೋಧಿ ಹೊಲಗಳಲ್ಲಿ ಮಾತ್ರ ಆಕೆ ಹೇಳಿದ ಹಾಗೆಯೇ ನಡೆದುಕೊಂಡಳು. ಇಡೀ ವರ್ಷ ಅದೇ ಎರಡು ಜಾಡು. ಅಧ್ಯಕ್ಷ ಒಂದು ದಿನ ಕೋಲಿಟ್ಟು ಅಳೆದು ನೋಡಿ, ತಲೆದೂಗಿ ಹೋದನಂತೆ.

ಕುಂಬಳ ಹೂ ಬಿಟ್ಟಿತು. ದಿಬ್ಬದ ಪಕ್ಕ ಎಂದಿನಂತೆ ಕಾಯಿ. ಕಾಲುವೆ ಕಡೆಯ ಹತ್ತು ಸಾಲಿನಲ್ಲಿ ಹೂ ಅರಳಿತು, ಮುಚ್ಚಿತು, ಹೀಚು ಹಳದಿಯಾಗಿ ಬಿತ್ತು. ಒಂದು ವಾರ ಹಾಗೇ. ಎರಡನೇ ವಾರವೂ ಹಾಗೇ. ನಾದಿನಿ ಬಿದ್ದ ಹೀಚುಗಳನ್ನು ಸೆರಗಿನಲ್ಲಿ ಆರಿಸಿ ತಂದು ಅಂಗಳದಲ್ಲಿ ಸುರಿಯುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ಹೇಳಿದ್ದರೆ ಗೆರೆಯಕ್ಕನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಒಂದು ಬೆಳಿಗ್ಗೆ ಗೆರೆಯಕ್ಕ ಕಾಲುವೆ ಕಡೆಗೆ ಹೋದರೆ, ಎಲೆಗಳ ನಡುವೆ ಯಾರದೋ ಬೆನ್ನು. ನಾದಿನಿ, ಕೈಯಲ್ಲಿ ಕುಂಚ.

“ಒಂದೇ ಒಂದು ಹೂವು ಅತ್ತಿಗೆ,” ಎಂದವಳೇ ಅತ್ತುಬಿಟ್ಟಳು. “ಮುಟ್ಟಿಲ್ಲ ಇನ್ನೂ, ಆಣೆಗೂ ಮುಟ್ಟಿಲ್ಲ. ಹೀಗೆ ಉದುರೋದನ್ನ ನೋಡೋಕಾಗ್ತಿಲ್ಲ.”

ಗೆರೆಯಕ್ಕ ಅವಳ ಕೈಯಿಂದ ಕುಂಚ ತೆಗೆದುಕೊಂಡಳು. ಆಚೆ ಈಚೆ ನೋಡಿದಳು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಮುಂದೆಯೇ ಒಂದು ಹೆಣ್ಣುಹೂ ಬಾಯಿ ಬಿಟ್ಟುಕೊಂಡು ಕೂತಿತ್ತು. ನಾಲ್ಕು ಹೂ ಸವರಿದರೆ ದಿಬ್ಬ ಉಳಿಯುತ್ತದೆ, ಯಾರಿಗೆ ತಿಳಿಯುತ್ತದೆ? ಕುಂಚ ಹೂವಿನ ಹತ್ತಿರದವರೆಗೂ ಹೋಯಿತು. ಅಲ್ಲಿ ನಿಂತಿತು. ಸುಳ್ಳು ಕಾಯಿ ತೋರಿಸಿ ದಿಬ್ಬ ಉಳಿಸಿಕೊಂಡರೆ ಬದು ಬಿಡಲು ಉಳಿದವರಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು?

ಇಬ್ಬರೂ ನೆಟ್ಟಗೆ ಅಧ್ಯಕ್ಷನ ಮನೆಗೆ ನಡೆದರು. ಅವನು ಹಲ್ಲುಜ್ಜುತ್ತಿದ್ದ.

“ಇದನ್ನ ನಿನ್ನ ಹತ್ರ ಇಟ್ಕೊಳ್ಳೋ,” ಎಂದು ಗೆರೆಯಕ್ಕ ಕುಂಚ ಚಾಚಿದಳು. “ನಮ್ಮಿಬ್ಬರ ಕೈ ಮೇಲೂ ನಮಗೆ ನಂಬಿಕೆಯಿಲ್ಲ.”

ಬಾಯಿ ತುಂಬ ನೊರೆ ಇಟ್ಟುಕೊಂಡು ಅವನು ಇಬ್ಬರನ್ನೂ ನೋಡಿದ, ಕುಂಚವನ್ನು ನೋಡಿದ, ಒಳಗೆ ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಬಂದ. ಅವತ್ತಿನಿಂದ ದಿನಾ ಒಂದು ಸಲ ಕುಂಬಳದ ಹೊಲಕ್ಕೆ ಬರತೊಡಗಿದ. ತಪಾಸಣೆಗೆ ಎನ್ನುತ್ತಿದ್ದ. ಆದರೆ ಉದುರಿದ ಹೀಚು ಕಂಡರೆ ಅವನ ಮುಖವೂ ಸಣ್ಣಗಾಗುತ್ತಿತ್ತು.

ಮೂರನೇ ವಾರ, ಬಿಸಿಲೇರಿ ಹೂವೆಲ್ಲ ಮುಚ್ಚಿದ ಹೊತ್ತು. ಮೂವರೂ ಕಾಲುವೆ ಕಡೆಯ ಕಟ್ಟಕಡೆಯ ಸಾಲಿನಲ್ಲಿ ನಿಂತಿದ್ದರು. ಅಧ್ಯಕ್ಷ ಗಡುವಿನ ಮಾತೆತ್ತಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ನಾದಿನಿ ಬಗ್ಗಿ, ಬಾಡಿ ಮುದುರಿದ ಒಂದು ಗಂಡುಹೂವನ್ನು ಕಿತ್ತೆಸೆಯಲು ಬೆರಳಿನಲ್ಲಿ ಹಿಡಿದಳು. ಹಿಡಿದವಳು ಬೆಚ್ಚಿ ಕೈ ಬಿಟ್ಟಳು.

“ಅಯ್ಯೋ, ಹೂವು ನಡುಗ್ತಿದೆ!”

ಅಧ್ಯಕ್ಷ ಬಗ್ಗಿ ಕಿವಿಯಿಟ್ಟ. ಅವನ ಹುಬ್ಬು ಮೇಲೇರಿತು. ಪಕ್ಕಕ್ಕೆ ಸರಿದು ಗೆರೆಯಕ್ಕನಿಗೆ ಜಾಗ ಬಿಟ್ಟ. ಆಕೆ ಮಂಡಿಯೂರಿ ಬಲಗಿವಿಯನ್ನು ಹೂವಿಗೆ ಹಚ್ಚಿದಳು. ಮುಚ್ಚಿದ ಹೂವಿನೊಳಗೆ ಒಂದು ನೊಣ ಮಲಗಿತ್ತು. ಎಬ್ಬಿಸಿದ್ದಕ್ಕೆ ಸಿಟ್ಟಾಗಿ ಗುಂಯ್ ಎಂದು ಬಯ್ಯುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಇಂಜಿನ್ನಿನ ಸದ್ದು ಕೇಳಿದ ಕಿವಿಗೆ ಅಷ್ಟು ಸಣ್ಣ ಸದ್ದು ಎಷ್ಟೋ ಕಾಲದಿಂದ ಬಿದ್ದಿರಲಿಲ್ಲ. ಆಕೆಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ. ಪಕ್ಕದ ಹೂವಿನಲ್ಲೂ ಒಂದು ಮಲಗಿತ್ತು. ಅದರಾಚೆಯದರಲ್ಲಿ ಎರಡು.

ಅದಾದ ನಾಲ್ಕನೇ ದಿನ ಕೊನೆಯ ಸಾಲಿನಲ್ಲಿ ಒಂದು ಹೀಚು ಹಳದಿಯಾಗದೆ ಹಸಿರಾಗಿಯೇ ಉಳಿಯಿತು. ನಾದಿನಿ ಅದರ ಮೇಲೆ ಎಲೆ ಮುಚ್ಚಿ, ಗಂಡನಿಗೂ ತೋರಿಸದೆ ಕಾಪಾಡಿದಳು. ಕೀಳುವ ಹೊತ್ತಿಗೆ ಆ ಸಾಲಿನಲ್ಲಿ ಹನ್ನೊಂದು ಕುಂಬಳ.

“ಹನ್ನೊಂದೇನಾ?” ಎಂದ ಪಕ್ಕದ ಹೊಲದವನು.

“ಕುಂಚ ನನ್ನ ಬೀರುವಲ್ಲಿದೆ,” ಎಂದ ಅಧ್ಯಕ್ಷ. “ಹನ್ನೊಂದು ಅಂದ್ರೆ ಹನ್ನೊಂದು. ಹೋದ ವರ್ಷ ಸೊನ್ನೆ.”

ದಿಬ್ಬ ಉಳಿಯಿತು. ಗೋಧಿಯ ವಿಷಯದಲ್ಲಿ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಒಂದೇ ಜಾಡಿನಲ್ಲಿ ಓಡಿಸಿದ ಹೊಲಗಳಲ್ಲಿ ನಡುವಿನ ತೆನೆ ಗಟ್ಟಿಯಾಗಿ, ಅಂಚಿನಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚೇ ಬಂತು. ಆದರೂ ಪಟ್ಟಣಗಳು ಕೇಳಿದಷ್ಟು ತುಂಬಲಿಲ್ಲ. ಅಧ್ಯಕ್ಷ ಈಗಲೂ ತಲೆ ಕೆಡಿಸಿಕೊಳ್ಳುತ್ತಾನೆ, ಆದರೆ ದಿಬ್ಬದ ಕಡೆ ನೋಡುವುದಿಲ್ಲ, ಚಕ್ರದ ಜಾಡಿನ ಕಡೆ ನೋಡುತ್ತಾನೆ. ಆರು ಮನೆಯವರು ಬದು ಬಿಡಲು ಒಪ್ಪಿದ್ದಾರೆ. ಇಬ್ಬರು ಇನ್ನೂ ಒಪ್ಪಿಲ್ಲ, ಅವರಿಗೆ ಗೆರೆಯಕ್ಕ ಎದುರಿಗೆ ಸಿಕ್ಕಾಗಲೆಲ್ಲ ತನ್ನ ಗಟ್ಟಿದನಿಯಲ್ಲಿ ಕ್ಷೇಮಸಮಾಚಾರ ವಿಚಾರಿಸುತ್ತಾಳೆ.

ಕೊಯ್ಲಿನ ನಂತರದ ಮೊದಲ ಉಳುಮೆ ಪಕ್ಕದ ಹೊಲದವನದೇ. ಅವನು ಬದು ಬಿಡಲು ಒಪ್ಪಿದ್ದು ಒಂದೇ ವರ್ಷಕ್ಕೆ, ಆ ಗಡುವು ಮುಗಿದಿತ್ತು. ಕೆಲಸ ಆಗುವಷ್ಟು ಹೊತ್ತು ಸೊಂಟಕ್ಕೆ ಕೈಯಿಟ್ಟು ಬದುವಿನ ಮೇಲೆ ನಿಂತಿದ್ದ. ಗೆರೆಯಕ್ಕ ಕೊನೆಯ ಸಾಲು ಮುಗಿಸಿ ನೇಗಿಲು ಎತ್ತಿದಳು. ಹಿಂದಿನ ವರ್ಷಕ್ಕಿಂತ ಒಂದು ಸಾಲು ಮೊದಲೇ ಎತ್ತಿದ್ದಳು.

“ನಮ್ಮ ಕೊಸರು ಎಲ್ಲಿ ಗೆರೆಯಕ್ಕ?”

“ಕೊಟ್ಟಾಯ್ತಲ್ಲ,” ಎಂದು ಆಕೆ ಬದುವಿನ ಕಡೆ ಗಲ್ಲ ತೋರಿಸಿದಳು. “ಹದಿನೈದು ವರ್ಷ ಅವರ ಚೀಲದಿಂದ ತೆಗೆದು ನಿಮಗೆ ಕೊಟ್ಟೆ. ಇನ್ನು ಅಷ್ಟು ವರ್ಷ ಈ ಕಡೆಯಿಂದ ಆ ಕಡೆಗೆ.”

ಅವನು ಆ ಕಡೆ ನೋಡಿದ. ಬದುವಿನ ಮೇಲೆ ಹುಲ್ಲು ಮೊಣಕಾಲು ಮುಟ್ಟಿತ್ತು. ತಮ್ಮನ ಹೊಲದ ಕಡೆ ಕಾಯಿ ಹೇರಿಕೊಂಡ ಗಾಡಿ ನಿಂತಿತ್ತು, ನಾದಿನಿ ಎರಡು ಕೈಯಲ್ಲೂ ಒಂದೊಂದು ಕುಂಬಳ ಎತ್ತಿಡುತ್ತಿದ್ದಳು. ಅವನು ಸೊಂಟದ ಮೇಲಿನ ಕೈ ಇಳಿಸಿದ. ಹಸಿವೂ ಆಗಿರಬೇಕು. ಬುತ್ತಿಯ ಗಂಟು ತೆಗೆದು ಕೂರಲು ಜಾಗ ಹುಡುಕಿ, ಒಂದು ಬೋಳು ನೆಲ ಕಂಡು ಬಗ್ಗಿದ.

ಗೆರೆಯಕ್ಕ ಟ್ರ್ಯಾಕ್ಟರ್ ಮೇಲೆ ಎದ್ದು ನಿಂತು ಕೂಗಿದಳು.

“ಆ ತೂತಿನ ಮೇಲೆ ಕೂರಬೇಡ್ರೀ! ಮನೆಯವರು ಬಯ್ತಾರೆ!”

ಅವನು ಬಗ್ಗಿ ನೋಡಿ, ಗಂಟು ಎತ್ತಿಕೊಂಡು ಎರಡು ಹೆಜ್ಜೆ ಆಚೆ ಹೋಗಿ ಕೂತ.